ತಿಳಿ ಮಗನಿಗೆ, ಗಟ್ಟಿ ಎಮ್ಮೆಗೆ: ಮೂಗಿನ ನಳಿಕೆ ಊಟದ ಒಂದು ಪ್ರಕರಣ

"ದಿನಾ ಎರಡ ಲೀಟರ್ ಹೊಂಟೈತ್ರಿ ಅಕ್ಕಾರ, ಆದ್ರೂ ಸೊರಗಾಕತ್ತಾರ್ರಿ."

ಫೋನಿನಲ್ಲಿ ಆ ಹೆಣ್ಣುಮಗಳು ಹೇಳಿದ ಮೊದಲ ಮಾತು ಇದು. ಮುಧೋಳದ ಹತ್ತಿರದ ಒಂದು ಹಳ್ಳಿ. ಗಂಡನಿಗೆ 32 ವರ್ಷ. ಕುತ್ತಿಗೆ ಭಾಗದ ಬೆನ್ನುಹುರಿಗೆ ಪೆಟ್ಟು ಬಿದ್ದು ಮೂರೂವರೆ ತಿಂಗಳಾಗಿದೆ. ಮೂಗಿನಲ್ಲಿ ನಳಿಕೆ, ಅದರಲ್ಲೇ ಊಟ. ನಾನು ಬಾಗಲಕೋಟೆಯಲ್ಲಿ ಡಯಟಿಷಿಯನ್, ಆ ಊರಿಗೆ ಹೋಗುವ ಫಿಜಿಯೋಥೆರಪಿಸ್ಟ್ ಒಬ್ಬರು ನನ್ನ ನಂಬರ್ ಕೊಟ್ಟಿದ್ದರಂತೆ. ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಇದರಲ್ಲಿ ಯಾರೂ ಸೋಮಾರಿಗಳಿಲ್ಲ, ಯಾರೂ ಕೈಬಿಟ್ಟವರಿಲ್ಲ, ಎಲ್ಲರೂ ಚೀಟಿಯಲ್ಲಿ ಬರೆದಂತೆ ಗಡಿಯಾರ ನೋಡಿಕೊಂಡು ಮಾಡಿದ್ದರು, ಆದರೂ ಒಬ್ಬ ಮನುಷ್ಯ ಹೊಟ್ಟೆ ತುಂಬಿಸಿಕೊಂಡೇ ಉಪವಾಸ ಬಿದ್ದಿದ್ದ. ಬರೆಯಲು ಮನೆಯವರು ಒಪ್ಪಿದ್ದಾರೆ. ಹೆಸರು, ಊರು ಬೇಡ ಅಂದರು.

ಹಿನ್ನೆಲೆ ಇಷ್ಟು. ಡಿಸೆಂಬರ್, ಕಬ್ಬಿನ ಹಂಗಾಮು. ತುಂಬಿದ ಟ್ರೇಲರ್ ಮೇಲೆ ನಿಂತು ಹಗ್ಗ ಬಿಗಿಯುವಾಗ ಕಾಲು ಜಾರಿ ತಲೆ ಕೆಳಗಾಗಿ ಬಿದ್ದ. ಕುತ್ತಿಗೆಯ ಐದನೇ ಮಟ್ಟದಲ್ಲಿ, ಅಂದರೆ ಸಿ5 ಹತ್ತಿರ, ಹುರಿಗೆ ಪೂರ್ತಿ ಪೆಟ್ಟು. ಭುಜ ಎತ್ತುತ್ತಾನೆ, ಮೊಣಕೈ ಮಡಚುತ್ತಾನೆ, ಬೆರಳು ಆಡುವುದಿಲ್ಲ. ಎದೆಯಿಂದ ಕೆಳಗೆ ಏನೂ ಇಲ್ಲ. ಕುತ್ತಿಗೆಯ ಮುಂಭಾಗದಿಂದ ಆಪರೇಶನ್ ಮಾಡಿ ಪ್ಲೇಟ್ ಕೂರಿಸಿದರು, ಎರಡು ವಾರ ವೆಂಟಿಲೇಟರ್, ಗಂಟಲಿಗೆ ತೂತು ಮಾಡಿ ಉಸಿರಿನ ನಳಿಕೆ. ಮನೆಗೆ ಕಳಿಸುವ ಮೊದಲು ಆ ಗಂಟಲ ನಳಿಕೆ ತೆಗೆದರು. ಮೂಗಿನದ್ದು ಉಳಿಯಿತು. ಜನವರಿ ಕೊನೆಗೆ ಮನೆಗೆ ಬಂದ. ಜೊತೆಗೆ ಒಂದು ಚೀಟಿ: ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಗಂಟೆಗೊಮ್ಮೆ 200 ಎಂಎಲ್ ದ್ರವ ಆಹಾರ. ಅಷ್ಟೇ. ಆ ದ್ರವದಲ್ಲಿ ಏನಿರಬೇಕು ಅಂತ ಚೀಟಿಯಲ್ಲಿ ಇರಲಿಲ್ಲ.

ನಾನು ಹೋದದ್ದು ಮಾರ್ಚ್ ನಡುವೆ. ಇಂಥ ಮನೆಗೆ ಹೋದರೆ ನಾನು ಮೊದಲು ರೋಗಿಯ ಹತ್ತಿರ ಕೂರುವುದಿಲ್ಲ, ಅಡುಗೆಮನೆಗೆ ಹೋಗುತ್ತೇನೆ. "ಈಗಿನ ಫೀಡ್ ಹೆಂಗ ಮಾಡ್ತೀರಿ, ನನ್ನ ಮುಂದ ಮಾಡ್ರಿ" ಅಂದೆ. ತಾಯಿ ಒಂದು ಸಣ್ಣ ಹಿಡಿ ರವೆ ಹುರಿದು ದೊಡ್ಡ ಪಾತ್ರೆ ನೀರಿನಲ್ಲಿ ಕುದಿಸಿದರು. ಚೆನ್ನಾಗಿ ಬೆಂದ ಗಂಜಿ. ಆಮೇಲೆ ಹಳೆ ಬಿಳಿ ಪಂಚೆಯ ತುಂಡು ಎರಡು ಮಡಿಕೆ ಮಾಡಿ ಅದರಲ್ಲಿ ಸೋಸಿದರು. ಕೆಳಗೆ ಬಿದ್ದದ್ದು ಅಕ್ಕಿ ತೊಳೆದ ನೀರಿನಂಥದ್ದು. ಬಟ್ಟೆಯಲ್ಲಿ ಉಳಿದ ಗಟ್ಟಿಯನ್ನು ಮುಸುರೆ ಬಕೀಟಿಗೆ ಹಾಕಿದರು, ಎಮ್ಮೆಗೆ. ಬೇಳೆ ಕಟ್ಟು ಕೂಡ ಹಾಗೇ. ಬೇಳೆ ಬೇಯಿಸಿ ತಿಳಿ ಮಾತ್ರ ಬಸಿದು ಮಗನಿಗೆ, ಬೇಳೆ ಮನೆಯವರ ಸಾರಿಗೆ. ಹಾಲಿಗೆ ಅಷ್ಟೇ ನೀರು. ಒಂದು ಹೊತ್ತು ಎಳನೀರು, ಒಂದು ಹೊತ್ತು ಮೋಸಂಬಿ ರಸ, ಅದನ್ನೂ ಸೋಸಿ.

ಯಾಕೆ ಇಷ್ಟು ಸೋಸುತ್ತೀರಿ ಅಂದೆ. ನಳಿಕೆ ಎರಡು ಸಲ ಕಟ್ಟಿಕೊಂಡಿತ್ತು, ಪ್ರತಿ ಸಲ ಗಾಡಿ ಮಾಡಿಕೊಂಡು ಊರು ಬಿಟ್ಟು ಹೋಗಿ ಬದಲಿಸಬೇಕಾಯಿತು, ಆ ಹೆದರಿಕೆ. ಅದು ಸುಳ್ಳು ಹೆದರಿಕೆ ಅಲ್ಲ.

ಅಲ್ಲೇ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಒಂಬತ್ತು ಸಲ, 1800 ಎಂಎಲ್, ನಳಿಕೆ ತೊಳೆಯುವ ನೀರು ಸೇರಿ ಹೌದು, ಎರಡು ಲೀಟರ್. ಹೆಂಡತಿ ಹೇಳಿದ್ದು ಅಕ್ಷರಶಃ ನಿಜ. ಆದರೆ ಅದರಲ್ಲಿ ಇದ್ದ ಊಟ ಸುಮಾರು 600 ಕ್ಯಾಲರಿ, ಪ್ರೊಟೀನ್ 20 ಗ್ರಾಂ ಕೂಡ ದಾಟುತ್ತಿರಲಿಲ್ಲ. ಅದರಲ್ಲೂ ಅರ್ಧ ಪಾಲು ಆ ನೀರು ಹಾಕಿದ ಹಾಲಿನದ್ದೇ. ಡಬ್ಬಿಯಲ್ಲಿ ಬರುವ ಸಾಮಾನ್ಯ ಫೀಡ್ ಒಂದು ಎಂಎಲ್‌ಗೆ ಒಂದು ಕ್ಯಾಲರಿ ಲೆಕ್ಕದಲ್ಲಿ ಇರುತ್ತೆ, ಇಲ್ಲಿ ಅದರ ಮೂರನೇ ಒಂದು ಭಾಗ. ಎಷ್ಟು ಎಂಎಲ್ ಹೋಯಿತು ಅಂತ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಒಳಗೆ ಏನು ಹೋಯಿತು ಅಂತ ಬರೆಯುವ ಕಾಲಂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಸರಳ ಪ್ರಕರಣ. ಗಟ್ಟಿ ಮಾಡಿ ಕೊಡಿ ಅಂತ ಹೇಳಿ ಬರಬಹುದಿತ್ತು. ಆದರೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯ ಇತ್ತು. ಫೆಬ್ರವರಿ ಮೊದಲ ವಾರದಲ್ಲಿ ಗಂಜಿ ಈಗಿನದಕ್ಕಿಂತ ದಪ್ಪ ಇತ್ತು, ಹಾಲಿಗೆ ನೀರು ಹಾಕುತ್ತಿರಲಿಲ್ಲ. ಎರಡನೇ ವಾರದಿಂದ ತೆಳ್ಳಗೆ. ಯಾಕೆ? "ಸಂಡಾಸ ತೆಳ್ಳಗ ಆಗಾಕತ್ತಿತ್ರಿ, ದಿನಕ್ಕ ಐದಾರ ಸಲ, ಬರೇ ನೀರ. ಪಚನ ಆಗವಲ್ದು ಅಂತ ತಿಳಿ ಮಾಡಿದ್ವಿ." ಊರಿನಲ್ಲಿ ಒಬ್ಬರು ಭೇದಿ ನಿಲ್ಲುವ ಮಾತ್ರೆಯನ್ನೂ ಕೊಟ್ಟಿದ್ದರು. ಒಂದೆರಡು ದಿನ ನಿಂತು ಮತ್ತೆ ಶುರು. ಮತ್ತಷ್ಟು ತೆಳ್ಳಗೆ ಮಾಡಿದರು.

ಅದೇ ಹೊತ್ತಿಗೆ ಇನ್ನೊಂದು ತೊಂದರೆ. ದಿನಾ ಒಂದೆರಡು ಸಲ ಮುಖ ಕೆಂಪಾಗಿ, ಹಣೆ ಕುತ್ತಿಗೆ ಎಲ್ಲ ಬೆವರು ಸುರಿಯುವುದು, ತಲೆ ಸಿಡಿಯುವಂತೆ ನೋವು. ಮಾರ್ಚ್ ಬಿಸಿಲು, ತಗಡಿನ ಮನೆ, ಉಷ್ಣ ಅಂದುಕೊಂಡು ಎಳನೀರು ಜಾಸ್ತಿ ಮಾಡಿದರು. ದೃಷ್ಟಿಯನ್ನೂ ತೆಗೆದರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಿಸಿಲಿಗೆ ಬೆವರುವುದಾದರೆ ಮೈಯೆಲ್ಲ ಬೆವರಬೇಕು ಅಲ್ವಾ? ಇವನ ಎದೆ, ಹೊಟ್ಟೆ, ಕಾಲು ಒಣಗಿದ್ದವು, ಬರೀ ಮುಖ ಒದ್ದೆ. ಇದನ್ನು ನೋಡಿದಾಗ ನನಗೆ ಸ್ವಲ್ಪ ಗಾಬರಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ಎದೆಯ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಹುರಿಗೆ ಪೆಟ್ಟಾದವರಲ್ಲಿ ಬರುತ್ತೆ. ಕೆಳಗೆ ಎಲ್ಲೋ ಏನೋ ಒತ್ತುತ್ತಿದೆ, ಮೂತ್ರಕೋಶ ತುಂಬಿದೆ, ಮಲ ಕಟ್ಟಿದೆ, ಉಗುರು ಚರ್ಮಕ್ಕೆ ಹೊಕ್ಕಿದೆ, ಇಂಥದ್ದು. ರೋಗಿಗೆ ಅದು ಗೊತ್ತಾಗುವುದಿಲ್ಲ, ಆದರೆ ಹುರಿಯ ಕೆಳಗಿನ ಭಾಗಕ್ಕೆ ಗೊತ್ತಾಗುತ್ತೆ. ಅದು ರಕ್ತನಾಳಗಳನ್ನೆಲ್ಲ ಹಿಂಡುತ್ತೆ, ಬಿಪಿ ಏರುತ್ತೆ. ಸಾಕು ನಿಲ್ಲಿಸು ಅಂತ ಮಿದುಳು ಕೊಡುವ ಆದೇಶ ಪೆಟ್ಟಾದ ಜಾಗ ದಾಟಿ ಇಳಿಯುವುದಿಲ್ಲ. ಬಿಪಿ ತೀರಾ ಏರಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಈ ಮಟ್ಟದ ಪೆಟ್ಟಾದವರ ಮಾಮೂಲಿ ಬಿಪಿ ಕಡಿಮೆ, ಇವನದು 90/60. ಆ ಬೆವರಿನ ಹೊತ್ತಿನಲ್ಲಿ ಹತ್ತಿರದ ಕ್ಲಿನಿಕ್ಕಿನಲ್ಲಿ ನೋಡಿದಾಗ 140/90 ಇತ್ತಂತೆ, "ಸ್ವಲ್ಪ ಜಾಸ್ತಿ ಐತಿ, ನಡೀತೈತಿ" ಅಂದು ಕಳಿಸಿದ್ದರು. ನಮಗೆ ನಿಮಗೆ ನಡೆಯುತ್ತೆ. ಅವನಿಗೆ ಅದು ಐವತ್ತು ಅಂಕಿ ಏರಿಕೆ.

ಬೆವರು, ತಲೆನೋವು, ನೀರಿನಂಥ ಸಂಡಾಸ, ಮೂರೂ ಒಂದೇ ಕಡೆ ಕೈ ತೋರಿಸುತ್ತಿದ್ದವು. ಹೊಟ್ಟೆ ಉಬ್ಬಿತ್ತು, ಎಡಗಡೆ ಕೆಳಗೆ ಒತ್ತಿದರೆ ಗಟ್ಟಿ. ಅದು ಭೇದಿ ಅಲ್ಲ, ಮಲಬದ್ಧತೆ. ವಾರಗಟ್ಟಲೆ ಹೊರಗೆ ಹೋಗದ ಮಲ ಕೆಳಗೆ ಕಲ್ಲಾಗಿ ಕೂತಿದೆ, ಮೇಲಿನಿಂದ ಬರುವ ನೀರು ಅದರ ಸಂದಿಯಿಂದ ಸೋರುತ್ತಿದೆ. ಕಾಲುವೆಗೆ ಬಂಡೆ ಅಡ್ಡ ಬಿದ್ದಾಗ ನೀರು ಬದಿಯಿಂದ ಜಿನುಗುವ ಹಾಗೆ. ಅದಕ್ಕೆ ಭೇದಿ ಮಾತ್ರೆ ಕೊಟ್ಟರೆ ಬಂಡೆ ಇನ್ನೂ ಗಟ್ಟಿ. ಗಂಜಿ ತಿಳಿ ಮಾಡಿದರೆ ಜಿನುಗುವ ನೀರು ಇನ್ನೂ ಜಾಸ್ತಿ. ಪಾಪ ಅವರು ಮಾಡಿದ ಪ್ರತಿ ಉಪಾಯವೂ ತೊಂದರೆಯನ್ನೇ ಬೆಳೆಸುತ್ತಿತ್ತು.

ಅವತ್ತೇ ಸಂಜೆ ತಾಲೂಕಿಗೆ ಕರೆದುಕೊಂಡು ಹೋದರು. ಡಾಕ್ಟರು ಬೆರಳು ಹಾಕಿ ನೋಡಿದರು, ಹೊಟ್ಟೆಯ ಎಕ್ಸ್‌ರೇ ತೆಗೆಸಿದರು, ಅನುಮಾನ ಸರಿಯಿತ್ತು. ಮರಗಟ್ಟಿಸುವ ಜೆಲ್ಲಿ ಹಚ್ಚಿ, ಬಿಪಿ ನೋಡುತ್ತಾ, ಸ್ವಲ್ಪ ಸ್ವಲ್ಪವಾಗಿ ಎರಡು ದಿನ ತೆಗೆದು ಖಾಲಿ ಮಾಡಿದರು. ಖಾಲಿ ಮಾಡುವ ಕೆಲಸವೇ ಬಿಪಿ ಏರಿಸಬಹುದು, ಅದಕ್ಕೇ ಇದನ್ನು ಮನೆಯಲ್ಲಿ ಧೈರ್ಯ ಮಾಡಿ ಮಾಡಬಾರದು. ಮೂರನೇ ದಿನಕ್ಕೆ ಬೆವರು ನಿಂತಿತು. ಆಮೇಲೆ ಮನೆಯಲ್ಲಿ ಒಂದು ರೂಢಿ ಹಾಕಿಸಿದರು: ದಿನಾ ಬೆಳಗಿನ 6ರ ಫೀಡ್ ಆದ ಅರ್ಧ ಗಂಟೆಗೆ ಎಡ ಮಗ್ಗುಲಾಗಿ ಮಲಗಿಸಿ, ಗುದದ್ವಾರದಲ್ಲಿ ಸಪೋಸಿಟರಿ, ಅಂದರೆ ಅಲ್ಲಿ ಇಡುವ ಮಾತ್ರೆ ಇಟ್ಟು, ಕೈಗವಸು ಹಾಕಿದ ಬೆರಳಿನಿಂದ ನಿಧಾನ ಸುತ್ತಿಸಿ ಪ್ರಚೋದಿಸುವುದು. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತೆ, ಆ ಹೊತ್ತನ್ನು ಬಳಸಿಕೊಳ್ಳುವುದು. ತಮ್ಮ ಇದನ್ನು ಕಲಿತ. ಮೊದಲ ವಾರ ಅವನ ಮುಖ ನೋಡಲಾಗುತ್ತಿರಲಿಲ್ಲ, ಈಗ ಹಾಲು ಕರೆದಷ್ಟೇ ಸಲೀಸು. ಮುಖ ಬೆವರಿದರೆ ಏನು ಮಾಡಬೇಕು ಅಂತಲೂ ಹೇಳಿಕೊಟ್ಟರು: ಮೊದಲು ಎಬ್ಬಿಸಿ ಕೂರಿಸು, ಬಟ್ಟೆ ಸಡಿಲ ಮಾಡು, ಮೂತ್ರದ ನಳಿಕೆ ಮಡಚಿದೆಯಾ ನೋಡು, ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆ.

ಇನ್ನು ತೂಕ. ನಿಲ್ಲಲಾಗದವರನ್ನು ತೂಗುವುದು ಹೇಗೆ ಅಂತ ಯಾರೂ ಯೋಚಿಸಿರಲಿಲ್ಲ, ಮೂರೂವರೆ ತಿಂಗಳಲ್ಲಿ ಒಂದು ಸಲವೂ ತೂಗಿರಲಿಲ್ಲ. ಊರಿನ ಕಾಳಿನ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇದೆ. ಗಾಲಿಕುರ್ಚಿ ಸಮೇತ ಅದರ ಮೇಲೆ ಹತ್ತಿಸಿದೆವು. ಒಟ್ಟು 65. ಬರೀ ಗಾಲಿಕುರ್ಚಿ 18. ಉಳಿದದ್ದು 47. ಬೀಳುವ ಮೊದಲು 64 ಇದ್ದ, ಎತ್ತರ 170 ಸೆಂಟಿಮೀಟರ್. ಕಾಟಾದ ಮುಂದೆ ನಿಂತಿದ್ದ ಅಂಗಡಿಯವರು "ಕುರ್ಚಿ ಸೇರಿದ್ರ ಮೊದಲಿನಷ್ಟ ಅದಾನ" ಅಂದುಬಿಟ್ಟರು. ಯಾರೂ ನಗಲಿಲ್ಲ, ಅವನೊಬ್ಬನೇ ನಕ್ಕ.

ಹೋದ 17 ಕಿಲೋ ಪೂರ್ತಿ ಉಪವಾಸದ ಲೆಕ್ಕಕ್ಕೆ ಹಾಕುವುದು ತಪ್ಪು. ಹುರಿ ಕಡಿದ ಮೇಲೆ ಕೆಳಗಿನ ಮಾಂಸಖಂಡ ಎಷ್ಟು ಊಟ ಕೊಟ್ಟರೂ ಕರಗುತ್ತೆ, ಮೊದಲ ಕೆಲವು ವಾರ ಸುಮ್ನೆ ಕ್ಯಾಲರಿ ತುಂಬಿ ಅದನ್ನು ತಡೆಯಲು ಆಗುವುದಿಲ್ಲ. ಆದರೆ ಬೆನ್ನಿನ ಕೆಳತುದಿಯಲ್ಲಿ ಲಿಂಬೆಹಣ್ಣಿನಷ್ಟು ಅಗಲದ ಬೆಡ್‌ಸೋರ್ ಇತ್ತು, ಚರ್ಮ ದಾಟಿ ಕೊಬ್ಬಿನ ಪದರದವರೆಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ಅದು ಸರಿಯಾಗಿಯೇ ನಡೆಯುತ್ತಿತ್ತು. ಆದರೂ ಗಾಯ ತಿಂಗಳಿಂದ ಕದಲಿರಲಿಲ್ಲ. ಗಾಯಕ್ಕೆ ಮಾಂಸ ಕಟ್ಟಲು ಪ್ರೊಟೀನ್ ಬೇಕು, ಮನೆಯಲ್ಲಿದ್ದ ಪ್ರೊಟೀನ್ ಬಕೀಟಿಗೆ, ಮನೆಯವರ ಸಾರಿಗೆ ಹೋಗುತ್ತಿತ್ತು.

ಹುರಿಗೆ ಪೆಟ್ಟಾದವರ ಊಟದ ಲೆಕ್ಕ ಸ್ವಲ್ಪ ವಿಚಿತ್ರ. ಪುಸ್ತಕದ ಸಾಮಾನ್ಯ ಸೂತ್ರ ಹಾಕಿದರೆ ಕ್ಯಾಲರಿ ಜಾಸ್ತಿ ಬರುತ್ತೆ, ಯಾಕೆಂದರೆ ಕೆಲಸ ಮಾಡುವ ಮಾಂಸವೇ ಇಲ್ಲ. ಕೈಕಾಲು ನಾಲ್ಕೂ ಹೋದವರಿಗೆ, ಗಾಯ ಗೀಯ ಇಲ್ಲದೆ ಸ್ಥಿರ ಆದ ಮೇಲೆ, ಕಿಲೋಗೆ ದಿನಕ್ಕೆ ಸುಮಾರು 23 ಕ್ಯಾಲರಿ ಸಾಕು. ಕಾಲು ಮಾತ್ರ ಹೋದವರಿಗೆ ಸುಮಾರು 28. ಆದರೆ ಬೆಡ್‌ಸೋರ್ ಇದ್ದಾಗ ಕಿಲೋಗೆ 30ಕ್ಕಿಂತ ಮೇಲೆ ಬೇಕು, ಪ್ರೊಟೀನ್ ಒಂದೂವರೆಯಿಂದ ಎರಡು ಗ್ರಾಂ. ನಮ್ಮ ಗುರಿ 1400 ಕ್ಯಾಲರಿ, 70 ಗ್ರಾಂ ಪ್ರೊಟೀನ್. ಅಂದರೆ ಕ್ಯಾಲರಿ ಎರಡೂಕಾಲು ಪಟ್ಟು, ಪ್ರೊಟೀನ್ ಮೂರೂವರೆ ಪಟ್ಟು.

ಒಮ್ಮೆಲೇ ಅಲ್ಲ. ತಿಂಗಳಿಗಿಂತ ಜಾಸ್ತಿ ಅರೆಹೊಟ್ಟೆಯಲ್ಲಿದ್ದವರಿಗೆ ದಿಢೀರಂತ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಜೀವಕೋಶಗಳ ಒಳಗೆ ಓಡಿ ರಕ್ತದಲ್ಲಿ ಕುಸಿಯುತ್ತವೆ, ಹೃದಯ ನಿಲ್ಲಲೂಬಹುದು. ಎರಡನೇ ಮಹಾಯುದ್ಧದ ಕ್ಯಾಂಪುಗಳಿಂದ ಬಿಡುಗಡೆಯಾದವರು ಊಟ ಸಿಕ್ಕ ಮೇಲೆ ಸತ್ತಾಗ ವೈದ್ಯರಿಗೆ ಇದು ಸರಿಯಾಗಿ ಕಣ್ಣಿಗೆ ಬಿತ್ತು. ಹಾಗಾಗಿ ಮೊದಲು ರಕ್ತ ಪರೀಕ್ಷೆ, ಡಾಕ್ಟರು ಬರೆದ ಥಯಾಮಿನ್ (ಬಿ1 ವಿಟಮಿನ್), ಮೊದಲ ದಿನ 700 ಕ್ಯಾಲರಿ, ದಿನಕ್ಕೆ ನೂರರಂತೆ ಏರಿಸುತ್ತಾ ಒಂದು ವಾರಕ್ಕೆ ಗುರಿ ಮುಟ್ಟಿಸುವ ಯೋಜನೆ. ಮೂರನೇ ದಿನ ಫಾಸ್ಫೇಟ್ ಇಳಿಯಿತು. ಔಷಧಿ ಕೊಟ್ಟು ಎರಡು ದಿನ ಅಲ್ಲೇ ನಿಲ್ಲಿಸಿ ಮತ್ತೆ ಏರಿಸಿದೆವು. "ಉಪವಾಸ ಅದಾನ ಅಂತೀರಿ, ಊಟ ಹಾಕಬ್ಯಾಡ ಅಂತೀರಿ" ಅಂತ ತಾಯಿ ಸಿಟ್ಟಾದರು. ಅವರ ಸಿಟ್ಟು ಸರಿ. ನಾನು ಇನ್ನೂ ಸರಳವಾಗಿ ಹೇಳಬೇಕಿತ್ತು.

ಪ್ರೊಟೀನ್ ಎಲ್ಲಿಂದ? ಡಬ್ಬಿ ಪೌಡರ್ ತಿಂಗಳಿಗೆ ಸಾವಿರಾರು ರೂಪಾಯಿ, ದುಡಿಯುವವನೇ ಮಲಗಿದ್ದಾನೆ. ನಾನು ಮೊಟ್ಟೆ ಅಂದೆ. "ನಮ್ಮನ್ಯಾಗ ತತ್ತಿ ನಡಿಯಂಗಿಲ್ಲ ಯವ್ವಾ." ಇದರಲ್ಲಿ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ, ಗೆದ್ದರೂ ನಾನು ಹೋದ ಮೇಲೆ ಕೊಡುವುದಿಲ್ಲ. ಬಿಟ್ಟೆ. ಎಮ್ಮೆ ಇದೆ, ಶೇಂಗಾ ಇದೆ, ಬೇಳೆ ಇದೆ. ಕೊನೆಗೆ ಒಂದು ದಿನದ ಸಾಮಾನು ಹೀಗೆ ಕೂತಿತು: ಕೆನೆ ತೆಗೆದ ಎಮ್ಮೆ ಹಾಲು 700 ಎಂಎಲ್, ಕೆನೆರಹಿತ ಹಾಲಿನ ಪುಡಿ 60 ಗ್ರಾಂ, ಹುರಿದು ಪುಡಿ ಮಾಡಿದ ಹೆಸರುಬೇಳೆ 50, ಜೋಳದ ಹಿಟ್ಟು 60, ಸಿಪ್ಪೆ ತೆಗೆದ ಶೇಂಗಾ 20, ಎರಡು ದೊಡ್ಡ ಚಮಚ ಎಣ್ಣೆ, ನಾಲ್ಕು ದೊಡ್ಡ ಚಮಚ ಸಕ್ಕರೆ. ಎಲ್ಲ ಸೇರಿ 1400 ಚಿಲ್ಲರೆ ಕ್ಯಾಲರಿ, ಪ್ರೊಟೀನ್ 70ರ ಆಸುಪಾಸು, ಒಟ್ಟು ಒಂದೂವರೆ ಲೀಟರ್. ಮೂರು ಗಂಟೆಗೊಮ್ಮೆ 250 ಎಂಎಲ್, ದಿನಕ್ಕೆ ಆರು ಸಲ. ಸ್ಟೀಲ್ ಲೋಟದಲ್ಲಿ ಗೆರೆ ಹಾಕಿ ತೋರಿಸಿದೆ, ಗ್ರಾಂ ಲೆಕ್ಕ ಯಾರ ಅಡುಗೆಮನೆಯಲ್ಲಿ ನಡೆಯುತ್ತೆ? ಯಾರೋ ಹಾಲು ಕುಡಿಸಿದರೆ ಕಿಡ್ನಿಯಲ್ಲಿ ಹರಳಾಗುತ್ತೆ ಅಂದಿದ್ದರು. ಓಡಾಡದ ಹುಡುಗರ ಮೂಳೆಯಿಂದ ಸುಣ್ಣ ಕರಗಿ ರಕ್ತಕ್ಕೆ ಬರುವುದು ನಿಜ, ಅದಕ್ಕೇ ಕ್ಯಾಲ್ಶಿಯಂ ಪರೀಕ್ಷೆ ಮಾಡಿಸಿದೆವು. ಸರಿಯಿತ್ತು, ಹಾಲು ಬಿಡಿಸಲಿಲ್ಲ.

ಈಗ ಹಳೆ ಸಮಸ್ಯೆ. ಇಷ್ಟು ಹಿಟ್ಟು ಬೇಳೆ ಬೇಯಿಸಿದರೆ ಅದು ಅಂಬಲಿ ಆಗುವುದಿಲ್ಲ, ಮುದ್ದೆ ಆಗುತ್ತೆ, ಸಿರಿಂಜಿನಲ್ಲಿ ಇಳಿಯುವುದಿಲ್ಲ. ನೀರು ಹಾಕಿದರೆ ಮತ್ತೆ ಮೊದಲಿನ ಕತೆ. ಇದಕ್ಕೆ ಒಂದು ಹಳೆ ಉಪಾಯ ಇದೆ, ಮಕ್ಕಳ ಗಂಜಿಗೆ ಬಳಸುವುದು: ಮೊಳಕೆ ಕಟ್ಟಿ ಒಣಗಿಸಿದ ಗೋಧಿಯ ಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಕತ್ತರಿಸುತ್ತೆ. ಬೆಂದ ದಪ್ಪ ಗಂಜಿಯನ್ನು ಇಳಿಸಿ, ಕುದಿ ಆರಿದ ಮೇಲೆ, ಬಿಸಿ ಇರುವಾಗಲೇ ಒಂದು ಚಮಚ ಹಾಕಿ ಕಲಸುತ್ತಿದ್ದರೆ ಕಣ್ಣೆದುರೇ ತೆಳ್ಳಗಾಗುತ್ತೆ. ಆಮೇಲೆ ಒಂದು ಕುದಿ ಬರಿಸಿ ಇಳಿಸಬೇಕು. ಗೋಧಿಯನ್ನು ಜೋರಾಗಿ ಹುರಿದರೆ ಅಮೈಲೇಸ್ ಸಾಯುತ್ತೆ, ಬಿಸಿಲಿನಲ್ಲಿ ಒಣಗಿಸಿದರೆ ಸಾಕು. ತಾಯಿ ಅದನ್ನು ನೋಡಿದ್ದೇ ತಡ, "ಅಯ್ಯ, ನೀರಾಗಿ ಹೋತಲ್ಲ!" ಅಂತ ಪಕ್ಕದ ಮನೆಯವರನ್ನೂ ಕರೆದರು. ನೀರು ಹಾಕದೆ ನೀರಾಗಿದೆ, ಊಟ ಅಷ್ಟೇ ಇದೆ. ನನ್ನ ಯಾವ ಉಪದೇಶವೂ ಅವರಿಗೆ ಇಷ್ಟು ಹಿಡಿಸಿರಲಿಲ್ಲ.

ಮನೆ ತುಂಬ ಜೋಳ ಇದೆ, ಅದನ್ನೇ ಮೊಳಕೆ ಕಟ್ಟೋಣ ಅಂದಳು ಹೆಂಡತಿ. ಬೇಡ ಅಂದೆ. ಎಳೆ ಜೋಳದ ಚಿಗುರು ಮೇಯ್ದು ದನ ಬೀಳುವುದು ಈ ಕಡೆ ಎಲ್ಲರಿಗೂ ಗೊತ್ತು. ಜೋಳದ ಮೊಳಕೆಯಲ್ಲೂ ಅದೇ ವಿಷದ ಅಂಶ ಇರುತ್ತೆ. ಜೋಳದ ಹಿಟ್ಟು ಸರಿ, ಮೊಳಕೆ ಮಾತ್ರ ಗೋಧಿಯದ್ದು. ಮಾವ ಮೂಲೆಯಿಂದ ತಲೆಯಾಡಿಸಿದರು, ಅಷ್ಟಕ್ಕೆ ಆ ಚರ್ಚೆ ಮುಗಿಯಿತು.

ಶೇಂಗಾ, ಬೇಳೆ ಎಲ್ಲ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಚಹಾ ಸೋಸುವ ಜಾಲರಿಯಲ್ಲಿ ಸೋಸಿದರೆ ಸಾಕಾಯಿತು. ಪಂಚೆ ತುಂಡು ನಾನೇ ಎತ್ತಿಕೊಂಡು ಬಂದೆ. ಬೇಸಿಗೆ, ಮಾಡಿಟ್ಟ ಫೀಡ್ ಎರಡು ಗಂಟೆ ದಾಟಿದರೆ ಹೊರಗೆ ಇಡಬಾರದು, ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಜಾಗ ಕೇಳಿಕೊಂಡರು. ನಳಿಕೆ ಕಟ್ಟಿಕೊಂಡಿದ್ದಕ್ಕೆ ಗಂಜಿ ಕಾರಣವೇ ಅಲ್ಲ, ನೋಟ್‌ಬುಕ್ಕಿನಲ್ಲಿ ದಿನಾಂಕ ಹೊಂದಿಸಿದರೆ ಗೊತ್ತಾಗುತ್ತಿತ್ತು: ಎರಡು ಸಲವೂ ಹೊಸ ಮಾತ್ರೆ ಶುರುವಾದ ವಾರ. ನಾಲ್ಕು ಮಾತ್ರೆ ಒಟ್ಟಿಗೆ ಅರೆದು ಫೀಡಿನಲ್ಲೇ ಕಲಸಿ ಬಿಡುತ್ತಿದ್ದರು. ಒಂದೊಂದನ್ನೂ ಬೇರೆಯಾಗಿ ನೀರಿನಲ್ಲಿ ಕರಗಿಸಿ, ನಡುನಡುವೆ ನೀರು ಬಿಟ್ಟು, ಕೊನೆಗೆ 50 ಎಂಎಲ್ ನೀರಿನಿಂದ ತೊಳೆದರೆ ಕಟ್ಟುವುದಿಲ್ಲ. ಅದರಲ್ಲಿ ಒಂದು ಗ್ಯಾಸಿನ ಮಾತ್ರೆ ಹೊಟ್ಟೆಯ ಆಮ್ಲದಲ್ಲಿ ಕರಗದಂತೆ ಲೇಪ ಕೊಟ್ಟದ್ದು, ಅರೆದರೆ ಕೆಲಸವೇ ಮಾಡುವುದಿಲ್ಲ. ಡಾಕ್ಟರು ಅದನ್ನು ಬದಲಿಸಿದರು.

ನಳಿಕೆ ಜಾಗದಲ್ಲೇ ಇದೆಯಾ ಅಂತ ನೋಡಲು ತಮ್ಮ ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಗೆ ಕಿವಿ ಇಡುತ್ತಿದ್ದ. ಆಸ್ಪತ್ರೆಯಲ್ಲಿ ನೋಡಿ ಕಲಿತದ್ದು. ಅದನ್ನು ನಂಬಬಾರದು, ನಳಿಕೆ ಶ್ವಾಸಕೋಶದಲ್ಲಿದ್ದರೂ ಗುಡುಗುಡು ಕೇಳಬಹುದು. ಸ್ವಲ್ಪ ದ್ರವ ಹಿಂದೆ ಎಳೆದು ಆಮ್ಲ ಅಳೆಯುವ ಪಿಎಚ್ ಕಾಗದಕ್ಕೆ ಹಚ್ಚಿ, 5.5ರ ಒಳಗೆ ಇದ್ದರೆ ಹೊಟ್ಟೆಯದ್ದು. ಹೊಸದಾಗಿ ಹಾಕಿದಾಗ ಎಕ್ಸ್‌ರೇ. ಮೂಗಿನ ಅಂಚಿನಲ್ಲಿ ಪೆನ್ನಿನ ಗುರುತು, ಅದು ಸರಿದಿದ್ದರೆ ಫೀಡ್ ಇಲ್ಲ. ಅಂದಹಾಗೆ ಈ ನಳಿಕೆಗೆ ಹೆಸರು ಕೊಟ್ಟ ಇಂಗ್ಲೆಂಡಿನ ಡಾಕ್ಟರ್ ಜಾನ್ ರೈಲ್ 1921ರಲ್ಲಿ ಇದನ್ನು ಮಾಡಿದ್ದು ಹೊಟ್ಟೆಗೆ ಊಟ ಹಾಕಲು ಅಲ್ಲ, ಹೊಟ್ಟೆಯ ರಸ ಹೊರಗೆ ತೆಗೆದು ಪರೀಕ್ಷಿಸಲು. ನಾವು ತಿರುಗಿಸಿ ಬಳಸುತ್ತಿದ್ದೇವೆ.

ನನಗೆ ನಿಜವಾಗಿ ತಲೆ ಕೆಡಿಸಿದ್ದು ಮಲಗಿಸುವ ಭಂಗಿ. ಫೀಡ್ ಕೊಡುವಾಗ ಮತ್ತು ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಇಲ್ಲದಿದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಇವನ ಕೆಮ್ಮಿಗೆ ಅದನ್ನು ಹೊರಹಾಕುವ ಶಕ್ತಿ ಇಲ್ಲ. ಆದರೆ ದಿಂಬು ಕೊಟ್ಟು ಎತ್ತರಿಸಿದರೆ ಮೈ ಕೆಳಗೆ ಜಾರುತ್ತೆ, ಜಾರುವಾಗ ಬೆನ್ನ ತುದಿಯ ಗಾಯ ಎಳೆಯುತ್ತೆ. ಅನ್ನ ಕೊಟ್ಟು ಗಾಯ ಮಾಯಿಸಬೇಕು, ಅನ್ನ ಕೊಡುವ ಭಂಗಿಯೇ ಗಾಯ ಕೆರೆಯುತ್ತೆ. ಫಿಜಿಯೋಥೆರಪಿಸ್ಟ್ ಇದಕ್ಕೆ ದಾರಿ ಹುಡುಕಿದರು. ಮಂಚದ ತಲೆ ಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಇಡೀ ಮಂಚವನ್ನೇ ಓರೆ ಮಾಡಿದರು, ಅದರ ಮೇಲೆ ಸ್ವಲ್ಪ ದಿಂಬು, ಮೊಣಕಾಲಿನ ಕೆಳಗೆ ಮಡಚಿದ ಕೌದಿ, ಮೈ ಒಂದು ಮಗ್ಗುಲಿಗೆ ವಾಲಿಸಿ ಗಾಯದ ಮೇಲೆ ಭಾರ ಬೀಳದಂತೆ. ನಿಧಾನ ಎತ್ತರಿಸಬೇಕು, ದಿಢೀರ್ ಎತ್ತಿದರೆ ಬಿಪಿ ಬಿದ್ದು ಕಣ್ಣು ಕತ್ತಲೆ ಬರುತ್ತೆ.

ನಾಲ್ಕು ತಿಂಗಳ ಹೊತ್ತಿಗೆ ನಳಿಕೆ ಮೂಗಿನ ಹೊಳ್ಳೆಯನ್ನು ಕೊರೆದಿತ್ತು. ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ನಳಿಕೆ ಊಟ ಬೇಕಾದರೆ ಹೊಟ್ಟೆಯ ಚರ್ಮದಿಂದ ನೇರ ಜಠರಕ್ಕೆ ಹಾಕುವ ಪೆಗ್ ನಳಿಕೆ ಒಳ್ಳೆಯದು, ನಾನು ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದೆ. "ಕುತ್ತಿಗಿಗೆ ತೂತ ಆತು, ಈಗ ಹೊಟ್ಟಿಗೆ ತೂತ ಬ್ಯಾಡ್ರಿ" ಅಂತ ತಾಯಿ ಕೈ ಮುಗಿದರು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ಮೊಟ್ಟಮೊದಲು ಮಾಡಿದ್ದೇ ಹಸುಗೂಸಿಗೆ ಅಂತ ಹೇಳಿದೆ. ಅದು ಅವರಿಗೆ ಧೈರ್ಯ ಕೊಡುವ ಬದಲು ಕಣ್ಣೀರು ತಂದಿತು. ಆಮೇಲೆ ಹೆಂಡತಿ ಕೇಳಿದಳು: "ಬಾಯಿಲೆ ತಿನ್ನಾಕ ಬರಂಗಿಲ್ಲ ಅಂತ ಯಾರ ನೋಡ್ಯಾರ್ರಿ ಅಕ್ಕಾರ?"

ಯಾರೂ ನೋಡಿರಲಿಲ್ಲ. ನಾನೂ. ಆಪರೇಶನ್ ಆದ ಮೇಲೆ ನುಂಗಲು ಆಗುತ್ತಿರಲಿಲ್ಲ, ನಳಿಕೆ ಹಾಕಿದರು. ಮುಂಭಾಗದ ಕುತ್ತಿಗೆ ಆಪರೇಶನ್ನಿನ ನುಂಗುವ ತೊಂದರೆ ಎಷ್ಟೋ ಜನರಲ್ಲಿ ಕೆಲವು ವಾರ, ತಿಂಗಳಲ್ಲಿ ಸುಧಾರಿಸುತ್ತೆ. ಗಂಟಲ ನಳಿಕೆ ತೆಗೆದ ದಿನವೇ ಇನ್ನೊಮ್ಮೆ ಪರೀಕ್ಷೆ ಮಾಡಬೇಕಿತ್ತು. ಒಂದು ಸಲ ಹಬ್ಬಕ್ಕೆ ತೀರ್ಥ ಕೊಟ್ಟಾಗ ಕೆಮ್ಮಿ ಒದ್ದಾಡಿದ್ದನಂತೆ, ಅಲ್ಲಿಗೆ ಬಾಯಿ ಬಂದ್.

ಯರಗಟ್ಟಿ ದಾರಿಯಲ್ಲಿ ಬೆಳಗಾವಿಗೆ ಹೋದರು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಬಣ್ಣ ಬೆರೆಸಿದ ನೀರು, ಮೊಸರು, ಮೆತ್ತನೆ ಅನ್ನ ಒಂದೊಂದು ಚಮಚ ನುಂಗಿಸಿ ನೋಡುವ ಪರೀಕ್ಷೆ ಅದು. ನೀರು ಉಸಿರ ದಾರಿಗೆ ಇಳಿಯುತ್ತಿತ್ತು, ಕೆಲವು ಸಲ ಕೆಮ್ಮು ಕೂಡ ಬರದೆ. ದಪ್ಪ ಮೊಸರು ಸರಿಯಾಗಿ ಹೋಯಿತು. ಮನೆಯವರಿಗೆ ನಂಬಲು ಕಷ್ಟ, ನೀರಿಗಿಂತ ಹಗುರ ಯಾವುದಿದೆ? ಆದರೆ ನೀರು ಓಡುತ್ತೆ, ಗಂಟಲು ಬಾಗಿಲು ಹಾಕುವ ಮೊದಲೇ ಒಳಗೆ ನುಗ್ಗುತ್ತೆ. ದಪ್ಪದ್ದು ನಿಧಾನ ಬರುತ್ತೆ, ಬಾಗಿಲಿಗೆ ಸಮಯ ಸಿಗುತ್ತೆ. ಅವತ್ತು ತೀರ್ಥದ ಬದಲು ಪ್ರಸಾದ ಕೊಟ್ಟಿದ್ದರೆ ಕತೆ ಬೇರೆ ಇರುತ್ತಿತ್ತೇನೋ.

ಏಪ್ರಿಲ್ ಕೊನೆಗೆ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಗಟ್ಟಿ ಮೊಸರು ಕಲಸಿದ ಜೋಳದ ನುಚ್ಚು ಮೂರು ಚಮಚ. ಸುಮಾರು ಐದು ತಿಂಗಳ ಮೇಲೆ ಮೊದಲ ರುಚಿ. "ಉಪ್ಪ ಕಡಿಮಿ ಆಗೇತಿ" ಅಂದ. ಅಲ್ಲಿಂದ ಒಂದೊಂದು ಫೀಡ್ ಕಡಿಮೆ ಮಾಡುತ್ತಾ ಬಾಯಿ ಊಟ ಹೆಚ್ಚಿಸುತ್ತಾ, ನೀರು ಮತ್ತು ಔಷಧಿ ಮಾತ್ರ ನಳಿಕೆಯಲ್ಲಿ ಕೊಡುತ್ತಾ, ಎರಡನೇ ಪರೀಕ್ಷೆಯಲ್ಲಿ ನೀರೂ ಸರಿ ಹೋದ ಮೇಲೆ ಜುಲೈ ಮೊದಲ ವಾರ ನಳಿಕೆ ತೆಗೆದರು. ಪೆಗ್ ಬೇಕಾಗಲಿಲ್ಲ. ನುಂಗುವುದು ಸುಧಾರಿಸದಿದ್ದರೆ ಬೇಕೇ ಬೇಕಿತ್ತು, ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಪರೀಕ್ಷೆ ಇಲ್ಲದೆ ನಾನು ಒತ್ತಾಯ ಮಾಡಿದ್ದು ತಪ್ಪು. ಗಾಯ ಆಗಸ್ಟಿನಲ್ಲಿ ಪೂರ್ತಿ ಮುಚ್ಚಿತು.

ಮುಂದಿನ ತಪ್ಪು ಪೂರ್ತಿ ನನ್ನದೇ. ಆಗಸ್ಟ್ ಆದ ಮೇಲೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂದರು, ನಾನೂ ಬೇರೆ ಕೆಲಸದಲ್ಲಿ ಬಿದ್ದೆ. ಡಿಸೆಂಬರ್‌ನಲ್ಲಿ, ಬಿದ್ದು ವರ್ಷ ತುಂಬುವ ಹೊತ್ತಿಗೆ, ಆ ಕಡೆ ಹೋದಾಗ ಮನೆಗೆ ಹೋದೆ. ಗೋಡೆಯ ಮೇಲೆ ಕ್ಯಾಲೆಂಡರ್ ಪಕ್ಕದಲ್ಲಿ ನಾನು ಮಾರ್ಚಿನಲ್ಲಿ ಬರೆದ ಚೀಟಿ ಹಾಗೇ ಇತ್ತು, ಎಣ್ಣೆ ಕೈ ಗುರುತು ಸಮೇತ. ಆ ಹಾಲು, ಹಾಲಿನ ಪುಡಿ, ಶೇಂಗಾ ಗಂಜಿ ಈಗಲೂ ಲೋಟದಲ್ಲಿ ಮೂರು ಹೊತ್ತು. ಅದರ ಮೇಲೆ ರೊಟ್ಟಿ, ಶೇಂಗಾ ಹೋಳಿಗೆ, ತುಪ್ಪ. ಕಾಟಾದ ಮೇಲೆ ಹತ್ತಿಸಿದರು. 82. ಗಾಲಿಕುರ್ಚಿ ಕಳೆದರೆ 64.

"ಮೊದಲಿನಂಗ ಆಗ್ಯಾನ ನೋಡವ್ವಾ" ಅಂದರು ತಾಯಿ, ಕಣ್ಣು ತುಂಬಿಕೊಂಡು. ಅಂಗಡಿಯವರು ಎಲ್ಲರಿಗೂ ಚಹಾ ತರಿಸಿದರು.

ಅಂಕಿ ಒಂದೇ, ಮೈ ಒಂದೇ ಅಲ್ಲ. ಕಾಲಿನ ಮಾಂಸ ಹೋದದ್ದು ಹೋಗಿದೆ, ಬಂದದ್ದೆಲ್ಲ ಹೊಟ್ಟೆಯ ಕೊಬ್ಬು. ನಮಗೆಲ್ಲ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22 ಅಂದರೆ ಆರೋಗ್ಯ. ಹುರಿಗೆ ಪೆಟ್ಟಾದವರಿಗೆ ಅಲ್ಲಿಂದಲೇ ಬೊಜ್ಜು ಶುರು ಅಂತ ಲೆಕ್ಕ. ಇವನ ಎತ್ತರಕ್ಕೆ 22 ಅಂದರೆ ಸರಿಯಾಗಿ 64 ಕಿಲೋದ ಹತ್ತಿರ. ಇವನು ಇರಬೇಕಾದದ್ದು 56, 57. ಎತ್ತುವ ಹೆಂಡತಿಗೆ ಆಗಲೇ ಸೊಂಟ ನೋವು ಶುರುವಾಗಿತ್ತು. ಇದನ್ನೆಲ್ಲ ಅಲ್ಲಿ, ಚಹಾ ಕೈಯಲ್ಲಿ ಹಿಡಿದು, ಹೇಳಬೇಕಾಗಿ ಬಂತು. ಮೊದಲು ಸುಮ್ಮನೆ ಚಹಾ ಕುಡಿದೆ.

ಮನೆಗೆ ಬಂದು ಹಳೆ ಚೀಟಿ ಕಿತ್ತೆ. ದಿನಕ್ಕೆ 1300 ಕ್ಯಾಲರಿಯ ಹೊಸದು ಬರೆದೆ: ಗಂಜಿ ಬಂದ್, ರೊಟ್ಟಿ, ಪಲ್ಯ, ಬೇಳೆ, ಮಜ್ಜಿಗೆ ಇರಲಿ, ತುಪ್ಪಕ್ಕೆ ಒಂದು ಚಮಚದ ಲೆಕ್ಕ, ಹೋಳಿಗೆ ಹಬ್ಬಕ್ಕೆ. ಈ ಸಲ ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಈ ಚೀಟಿ ಯುಗಾದಿ ತನಕ ಮಾತ್ರ" ಅಂತಲೂ ಬರೆದೆ. ತಾಯಿ ಅದನ್ನು ಸೊಸೆಯಿಂದ ಓದಿಸಿಕೊಂಡರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಮತ್ತ ಎಮ್ಮಿಗೆ ಹಾಕಲೇನು ಯವ್ವಾ, ಉಳಿದದ್ದು?"